ಅಮ್ಮ ಬಂದ ಮನೆ

ಸಂಕ್ರಾಂತಿ ಮುಗಿದ ಮೂರನೆಯ ದಿನ ದೇವರಾಜನ ಮನೆಯ ಅಡುಗೆಕೋಣೆಯ ಹೆಂಚು ಇಳಿಸಿದರು. ಮೇಸ್ತ್ರಿ ಪರಮೇಶ್ ತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತು ಒಂದೊಂದೇ ಹೆಂಚು ಕಿತ್ತು ಕೊಡುತ್ತಿದ್ದ. ಅವನ ಹೆಂಡತಿ ಶಾಂತಿ ಏಣಿಯ ನಡುವೆ ನಿಂತು ಇಸಿದುಕೊಂಡು ಕೆಳಗಿಳಿಸುತ್ತಿದ್ದಳು. ಐವತ್ತು ವರ್ಷ ಹೊಗೆ ಕುಡಿದಿದ್ದ ಆ ಕೋಣೆಯೊಳಕ್ಕೆ ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿತ್ತು. ದೇವರಾಜನ ಮಗಳು ನಿಸರ್ಗ, ಏಳು ವರ್ಷದವಳು, ಆ ಬಿಸಿಲಿನ ಚೌಕದಲ್ಲಿ ನಿಂತು ಕುಣಿದಳು. ನಾಲ್ಕು ವರ್ಷದ ಚಿರಂತ್ ಮಾತ್ರ ಅಪ್ಪನ ಕಾಲು ತಬ್ಬಿಕೊಂಡು, ಮನೆ ಬಿದ್ದೋಗ್ತದಾ ಎಂದು ಮತ್ತೆ ಮತ್ತೆ ಕೇಳಿದ.

ದೇವರಾಜ ಹೆಂಡತಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಡ್ಯೂಟಿಯಲ್ಲಿರುತ್ತಾಳೆ ಎಂದು ಗೊತ್ತಿತ್ತು, ಗೊತ್ತಿದ್ದೂ ಮಾಡಿದ್ದ.

ಅನುಶ್ರೀ ನರ್ಸು. ಅರಕಲಗೂಡಿನ ಕಡೆಯವಳು. ಆರು ವರ್ಷ ಹಾಸನದಲ್ಲಿ ಗುತ್ತಿಗೆಯ ಮೇಲೆ ದುಡಿದಳು. ದಿನಾ ಆರೂವರೆಯ ಬಸ್ಸಿಗೆ ಓಡುವುದು, ಸಂಜೆ ಬಂದು ಅಡುಗೆ ಮಾಡುತ್ತಲೇ ಪರೀಕ್ಷೆಗೆ ಓದುವುದು. ಕೊನೆಗೆ ಕಾಯಂ ಕೆಲಸ ಸಿಕ್ಕಿದಾಗ ಊರು ಬಿದ್ದಿದ್ದು ಸುರಪುರದ ಕಡೆ. ಇವರ ಊರು ಹೊಳೆನರಸೀಪುರದಿಂದ ಹೊರಟರೆ ಒಂದು ಹಗಲು, ಒಂದು ರಾತ್ರಿ. ವರ್ಗಾವಣೆ ಕೇಳಬೇಕಾದರೆ ಇನ್ನೂ ಮೂರು ವರ್ಷ ಕಾಯಬೇಕು. ಹೋಗುವಾಗ ಚಿರಂತನನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗಿದ್ದಳು, ಆಗವನಿಗೆ ಎರಡು ವರ್ಷ. ಅಲ್ಲಿಯ ಬಿಸಿಲು, ಬೇರೆ ನೀರು, ಇವಳ ರಾತ್ರಿ ಪಾಳಿ. ಮೂರು ತಿಂಗಳಿಗೆ ಮಗು ಕಡ್ಡಿಯಾಯಿತು. ದೇವರಾಜ ಹೋಗಿ ಕರೆದುಕೊಂಡು ಬಂದ. ಅಲ್ಲಿಂದೀಚೆಗೆ ಮನೆಯಲ್ಲಿ ಅವನು ಮತ್ತು ಎರಡು ಮಕ್ಕಳು. ಅವನ ತಂದೆತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆ ಲಕ್ಷ್ಮಿದೇವಮ್ಮ ಮೊದಮೊದಲು ಬಂದು ಹದಿನೈದು ದಿನ ಇದ್ದು ಹೋಗುತ್ತಿದ್ದರು, ಆಮೇಲೆ ಅವರಿಗೂ ಮಂಡಿನೋವು ಶುರುವಾಯಿತು.

ತಾಲ್ಲೂಕು ಕಚೇರಿಯ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು ಹಿಡಿದುಕೊಂಡು ಜನ ಬರುತ್ತಿದ್ದರು. ಹತ್ತಕ್ಕೆ ತೆಗೆದು, ಮಕ್ಕಳು ಸ್ಕೂಲಿಂದ ಬರುವ ಹೊತ್ತಿಗೆ ಶಟರ್ ಅರ್ಧಕ್ಕೆ ಎಳೆದು ಓಡಿಬರುತ್ತಿದ್ದ. ಜಡೆ ಹೆಣೆಯುವುದನ್ನು ಅವನು ಫೋನಿನಲ್ಲಿ ನೋಡಿ ಕಲಿತಿದ್ದ. ಮೊದಲ ಆರು ತಿಂಗಳು ನಿಸರ್ಗ ಒಂದು ಜಡೆ ಮೇಲೆ, ಒಂದು ಜಡೆ ಕೆಳಗೆ ಇಟ್ಟುಕೊಂಡೇ ಸ್ಕೂಲಿಗೆ ಹೋದಳು. ಮಿಸ್ಸು ನಕ್ಕರು ಎಂದು ಒಂದು ದಿನ ಬಂದು ಹೇಳಿದಳು. ಹೇಳಿದ್ದಕ್ಕೆ ತಾನೇ ಬೇಜಾರು ಮಾಡಿಕೊಂಡು, ಆದ್ರೆ ಚೆನ್ನಾಗಿದೆ ಅಂತಲೂ ಅಂದ್ರು ಎಂದು ಸೇರಿಸಿದಳು.

ಮದುವೆಯಾಗಿ ಬಂದ ದಿನದಿಂದ ಅನುಶ್ರೀಗೆ ಆ ಅಡುಗೆಕೋಣೆ ಕಂಡರೆ ಆಗುತ್ತಿರಲಿಲ್ಲ. ಕಿಟಕಿಯಿಲ್ಲ, ಹಗಲಲ್ಲೂ ಲೈಟು ಹಾಕಬೇಕು, ಮಳೆ ಬಂದರೆ ಒಲೆಯ ಪಕ್ಕದಲ್ಲೇ ಸೋರುತ್ತದೆ. ಪೂರ್ವಕ್ಕೊಂದು ಕಿಟಕಿ ಇಡಿಸಿ, ನಿಂತು ಕೆಲಸ ಮಾಡುವಂಥ ಒಂದು ಕಟ್ಟೆ ಕಟ್ಟಿಸಿ, ಇನ್ನೇನೂ ಕೇಳಲ್ಲ ಎನ್ನುತ್ತಿದ್ದಳು. ಕೆಲಸ ಸಿಕ್ಕಿದ ಮೇಲೆ ಮೊದಲು ಎತ್ತಿದ ಮಾತೂ ಅದೇ. ಹಾಗಾಗಿ ದೇವರಾಜ ಮೊಸಳೆ ಎಂಬ ಹಳ್ಳಿಯಿಂದ ಪರಮೇಶನನ್ನು ಕರೆಸಿದ.

ಒಲೆ ನಡುಮನೆಗೆ ಬಂತು. ಟೀವಿ ಪಕ್ಕದ ಹಳೆ ಮೇಜಿನ ಮೇಲೆ ಗ್ಯಾಸು, ಕೆಳಗೆ ಪಾತ್ರೆ, ಸೋಫಾದ ಒಂದು ತುದಿಯಲ್ಲಿ ಅಕ್ಕಿ ಡಬ್ಬ. ಎಲ್ಲದರ ಮೇಲೂ ಸಣ್ಣಗೆ ಸಿಮೆಂಟಿನ ಧೂಳು. ಮಕ್ಕಳು ಅನ್ನ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕುತ್ತಿತ್ತು. ಚಿರಂತನಿಗೆ ಅದೇ ಆಟ: ಇವತ್ತು ಎರಡು ಕಲ್ಲು ಸಿಕ್ತು, ಇವತ್ತು ಮೂರು ಎಂದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ.

ಪರಮೇಶ್ ಮತ್ತು ಶಾಂತಿ ಬೆಳಗ್ಗೆ ಒಂಬತ್ತಕ್ಕೆ ಒಂದೇ ಟಿವಿಎಸ್ಸಿನಲ್ಲಿ ಬಂದು ಇಳಿಯುತ್ತಿದ್ದರು. ಅವನು ಕಟ್ಟುವುದು, ಅವಳು ಗಾರೆ ಕಲಸಿ ಕೊಡುವುದು. ಇಬ್ಬರಿಗೂ ಮಾತು ಕಡಿಮೆ. ಅವನು ಕೈ ಹಿಂದಕ್ಕೆ ಚಾಚಿದರೆ ಸಾಕು, ಇಟ್ಟಿಗೆಯೋ ಕರಣೆಯೋ ಯಾವುದು ಬೇಕೋ ಅದೇ ಅವನ ಕೈಗೆ ಬರುತ್ತಿತ್ತು. ಮಧ್ಯಾಹ್ನ ಹಿತ್ತಲ ಸೀಬೆಮರದ ಕೆಳಗೆ ಕೂತು ಒಂದೇ ಬುತ್ತಿಯಿಂದ ಉಣ್ಣುತ್ತಿದ್ದರು. ಮುದ್ದೆಯನ್ನು ಶಾಂತಿ ಎರಡು ಪಾಲು ಮಾಡಿ ದೊಡ್ಡದನ್ನು ಗಂಡನ ಕಡೆ ತಳ್ಳಿದರೆ, ಅವನು ಅದನ್ನು ಮತ್ತೆ ಮುರಿದು ಸ್ವಲ್ಪ ಈಚೆಗೆ ಹಾಕುತ್ತಿದ್ದ. ಅಂಗಡಿಯಿಂದ ಊಟಕ್ಕೆ ಬರುತ್ತಿದ್ದ ದೇವರಾಜ ಹಿತ್ತಲ ಬಾಗಿಲಲ್ಲಿ ನಿಂತು ಒಂದೆರಡು ಸಲ ಇದನ್ನು ನೋಡಿದ. ಆಮೇಲೆ ಆ ಹೊತ್ತಿಗೆ ಹಿತ್ತಲ ಕಡೆ ಹೋಗುವುದನ್ನು ಬಿಟ್ಟ.

ಸಂಜೆ ವಿಡಿಯೋ ಕಾಲಿನಲ್ಲಿ ಗಂಡಹೆಂಡತಿ ಕೆಲಸದ ವಿಷಯ ಮಾತಾಡುತ್ತಿದ್ದರು. ಕಿಟಕಿ ಮರದ್ದೋ ಅಲ್ಯೂಮಿನಿಯಮ್ಮೋ, ನೆಲಕ್ಕೆ ಯಾವ ಟೈಲ್ಸು. ಅವನು ನಾಲ್ಕು ಬಣ್ಣ ತೋರಿಸಿದರೆ ಅವಳು ಆಕಳಿಸುತ್ತ, ನಿಮ್ಗೆ ಯಾವ್ದು ಚೆನ್ನಾಗ್ ಕಾಣುತ್ತೋ ಅದನ್ನೇ ಹಾಕ್ಸಿ ಎನ್ನುತ್ತಿದ್ದಳು. ಹನ್ನೆರಡು ಗಂಟೆ ನಿಂತೇ ಇದ್ದು ಬಂದವಳು. ಆಕಳಿಸದೆ ಇನ್ನೇನು ಮಾಡಿಯಾಳು? ಆದರೂ ಅವನಿಗೆ ಜಗಳವಾದರೂ ಆಡಲಿ ಅನ್ನಿಸುತ್ತಿತ್ತು. ಆ ಬಣ್ಣ ಬೇಡ, ನಿಮಗೇನೂ ಗೊತ್ತಾಗಲ್ಲ ಎಂದು ಒಂದು ಸಲ ರೇಗಲಿ ಅನ್ನಿಸುತ್ತಿತ್ತು. ನಿಸರ್ಗ ಸ್ಕೂಲಿನ ಸುದ್ದಿಯನ್ನೆಲ್ಲ ಅಮ್ಮನಿಗೆ ಒಪ್ಪಿಸಿ ಹೋಗುತ್ತಿದ್ದಳು. ಚಿರಂತ್ ಮಾತ್ರ ಈಚೆಗೆ ಫೋನಿನ ಹತ್ತಿರ ಬರುವುದನ್ನೇ ಬಿಟ್ಟಿದ್ದ. ಕರೆದರೆ ಸೋಫಾದ ಹಿಂದೆ ಹೋಗಿ ಕೂರುತ್ತಿದ್ದ. ಅವ್ನು ಆಟ ಆಡ್ತಾವ್ನೆ ಎಂದು ದೇವರಾಜ ಹೇಳುತ್ತಿದ್ದ. ಆಡ್ಲಿ ಬಿಡಿ ಎಂದು ಅವಳು ಹೇಳುತ್ತಿದ್ದಳು.

ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕಿ, ಗೋಡೆ ಗಾರೆ ಮುಗಿದು, ಮಾರ್ಚಿನಲ್ಲಿ ಕಟ್ಟೆಯ ಕೆಲಸ ಬಂತು. ದೇವರಾಜ ನಡುಮನೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಾಗ ಪರಮೇಶ್ ಒಳಗಿಂದ ಕರೆದ.

"ಗ್ಯಾಸ್ ಕಟ್ಟೆ ಎಷ್ಟೆತ್ರ ಮಾಡಾದು ಸಾ? ಅಡ್ಗೆ ಮಾಡೋರು ಒಂದ್ಸಲ ಇಲ್ಲಿ ಬಂದು ನಿಂತ್ಕಳಿ."

ಸೌಟು ಕೈಯಲ್ಲಿ ಹಿಡಿದುಕೊಂಡೇ ಹೋಗಿ ನಿಂತ. ಪರಮೇಶ್ ಅವನ ಸೊಂಟದ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಬಗ್ಗುವಂಗಿಲ್ಲ, ಕೈ ಎತ್ತುವಂಗಿಲ್ಲ, ಸರಿಯಾಗಿದೆ ನೋಡಿ ಎಂದ. ದೇವರಾಜ ಆರಡಿಗೆ ಎರಡೇ ಅಂಗುಲ ಕಡಿಮೆಯ ಆಳು. ಮರಳು ಜರಡಿ ಹಿಡಿಯುತ್ತಿದ್ದ ಶಾಂತಿ ತಲೆಯೆತ್ತಿ ಆ ಗೆರೆಯನ್ನು ನೋಡಿದಳು. ಗೆರೆಯಿಂದ ದೇವರಾಜನ ತಲೆಯವರೆಗೆ ಒಮ್ಮೆ ಕಣ್ಣಾಡಿಸಿ, ಮತ್ತೆ ಜರಡಿಗೆ ಬಗ್ಗಿದಳು. ನಡುಮನೆಯಿಂದ ಉಪ್ಪಿಟ್ಟು ಸೀಯುವ ವಾಸನೆ ಬಂತು. ದೇವರಾಜ ಓಡಿದ.

ಗೆರೆಯ ಮಟ್ಟಕ್ಕೆ ಕಟ್ಟೆ ಎದ್ದಿತು. ಒಂದು ಶನಿವಾರ ಅದರ ಮೇಲೆ ಕಪ್ಪು ಗ್ರಾನೈಟು ಕೂತಿತು. ಸೋಮವಾರ ಬೆಳಗ್ಗೆ ಸ್ಕೂಲಿಗೆ ಹೊರಡಿಸಲು ಅಂಗಿ ಬಿಚ್ಚಿದಾಗ ಚಿರಂತನ ಹೊಟ್ಟೆಯ ಮೇಲೆ ನಾಲ್ಕೈದು ಕೆಂಪು ಗುಳ್ಳೆ ಕಂಡವು. ಮೈ ಬಿಸಿಯಿತ್ತು. ಸೆಕೆಯ ಗುಳ್ಳೆ ಇರಬೇಕೆಂದುಕೊಂಡು ಪಕ್ಕದ ಮನೆಯ ಬಸವಲಿಂಗಮ್ಮನಿಗೆ ಕಾಂಪೌಂಡಿನ ಮೇಲಿಂದ ತೋರಿಸಿದ. ಆಕೆ ಅಲ್ಲೇ ನಿಂತು ಕೈಮುಗಿದಳು.

"ಸೆಕೆ ಗುಳ್ಳೆ ಅಲ್ಲ ಕಣಪ್ಪ ಇದು. ಅಮ್ಮ ಬಂದವ್ಳೆ."

ಅಪ್ಪನ ತೋಳಿನ ಮೇಲೆ ಜೋತುಬಿದ್ದಿದ್ದ ಮಗು ತಲೆಯೆತ್ತಿತು.

"ಅಮ್ಮ ಬಂದ್ಲಾ?"

ದೇವರಾಜ ಏನಾದರೂ ಹೇಳುವ ಮೊದಲೇ ಚಿರಂತ್ ಜಾರಿಕೊಂಡು ಕೆಳಗಿಳಿದ. ಬರೀ ಚಡ್ಡಿಯಲ್ಲಿ ಗೇಟಿನ ತನಕ ಓಡಿ, ಕಂಬಿ ಹಿಡಿದು ಬೀದಿಯ ಎರಡೂ ಕಡೆ ನೋಡಿದ. ಹಾಲು ಹಾಕುವವನ ಸೈಕಲ್ಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ತಿರುಗಿ ಬಂದು ಮಲಗುವ ಕೋಣೆಯಲ್ಲಿ ನೋಡಿದ, ಬಾಗಿಲ ಹಿಂದೆ ನೋಡಿದ, ಸಿಮೆಂಟು ಮೂಟೆಗಳ ಸಂದಿಯಲ್ಲೂ ನೋಡಿದ. ನಿಸರ್ಗ ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿದ್ದವಳು, ಆ ಅಮ್ಮ ಅಲ್ಲ ಕಣೋ ಎಂದಳು.

"ಮತ್ತೆ ಯಾವ ಅಮ್ಮ?" ಎಂದು ಅವನು ಅಪ್ಪನನ್ನು ಕೇಳಿದ.

ದೇವರಾಜ ಅವನ ಮುಂದೆ ಬಗ್ಗಿದ. ಮಗುವನ್ನು ಎತ್ತಿಕೊಂಡು, ಹಣೆ ಮುಟ್ಟಿ ನೋಡಿದ. ಬಸವಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಒಂಬತ್ತಕ್ಕೆ ಬಂದ ಪರಮೇಶ್ ವಿಷಯ ಕೇಳಿ ಹೊಸಿಲ ಆಚೆಗೇ ನಿಂತ. ಶಾಂತಿ ಚಪ್ಪಲಿ ಬಿಟ್ಟು ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡಳು. ಅಮ್ಮ ಇರುವ ಮನೆಯಲ್ಲಿ ಒಡೆಯುವುದು ಬಡಿಯುವುದು ಮಾಡಬಾರದು ಸಾ, ಮಗೀಗೆ ನೀರು ಹಾಕಿದ ಮೇಲೆ ಹೇಳಿ, ಬತ್ತೀವಿ ಎಂದು ಪರಮೇಶ್ ಹೇಳಿದ. ಟಿವಿಎಸ್ಸಿನ ಸದ್ದು ಬೀದಿಯ ಕೊನೆಯಲ್ಲಿ ಕರಗಿತು. ಸ್ಕೂಲಿನವರು ಫೋನಿನಲ್ಲೇ, ಅಕ್ಕನನ್ನೂ ಒಂದು ವಾರ ಕಳಿಸಬೇಡಿ ಅಂದರು. ಅವಳಿಗೆ ಮೂರು ವರ್ಷದ ಹಿಂದೆಯೇ ಚಿಕನ್‌ಪಾಕ್ಸ್ ಆಗಿ ಹೋಗಿದೆ ಎಂದು ದೇವರಾಜ ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಆಗ ಅನುಶ್ರೀ ಮನೆಯಲ್ಲಿದ್ದಳು. ಹತ್ತು ದಿನವೂ ಮಗಳ ಪಕ್ಕ ಅವಳೇ ಮಲಗಿದ್ದಳು. ಅಂಗಡಿಯಿಂದ ಎಳನೀರು ತಂದುಕೊಟ್ಟಿದ್ದಷ್ಟೇ ದೇವರಾಜನಿಗೆ ನೆನಪು.

ಫೋನಿನಲ್ಲಿ ಅನುಶ್ರೀ ಕೇಳಿದ್ದು ನರ್ಸಿನ ಪ್ರಶ್ನೆಗಳು. ಜ್ವರ ಎಷ್ಟಿದೆ, ಗುಳ್ಳೆ ಬಾಯೊಳಗೂ ಎದ್ದಿವೆಯಾ, ನೀರು ಕುಡಿಯುತ್ತಿದ್ದಾನಾ, ಉಗುರು ಕತ್ತರಿಸಿದಿರಾ. ಅವನು ಒಂದೊಂದಕ್ಕೂ ಡಾಕ್ಟರಿಗೆ ಹೇಳಿದಂತೆ ಉತ್ತರ ಹೇಳಿದ. ಬಸವಲಿಂಗಮ್ಮನ ಮಾತು ಕೇಳಿ ಮಗ ಗೇಟಿಗೆ ಓಡಿದ್ದನ್ನು ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಫೋನು ಕಟ್ಟಾಯಿತು. ಅರ್ಧ ಗಂಟೆ ಬಿಟ್ಟು ಅವಳೇ ಮಾಡಿ, ರಜೆ ಕೇಳಿದೀನಿ, ಇಲ್ಲಿ ಇಬ್ಬರು ಆಗಲೇ ರಜೆ ಮೇಲಿದಾರೆ, ಅವರು ಬಂದ ಮೇಲೆ ಬಿಡ್ತಾರಂತೆ ಎಂದಳು.

ಆಮೇಲಿನ ಎಂಟು ದಿನ ಆ ಮನೆಗೆ ಯಾರೂ ಬರಲಿಲ್ಲ. ಅಂಗಡಿಯ ಶಟರಿಗೆ ಬೀಗ ಬಿತ್ತು. ಬಸವಲಿಂಗಮ್ಮ ಬೆಳಗ್ಗೆ ಕಾಂಪೌಂಡಿನ ಮೇಲೆ ಒಂದು ಹಿಡಿ ಬೇವಿನ ಸೊಪ್ಪನ್ನೋ ಎರಡು ಎಳನೀರನ್ನೋ ಇಟ್ಟು, ಇಟ್ಟಿವ್ನಿ ಕಣಪ್ಪಾ ಎಂದು ಕೂಗಿ ಹೋಗುತ್ತಿದ್ದಳು. ಒಗ್ಗರಣೆ ಹಾಕುವಂತಿರಲಿಲ್ಲ, ಕರಿಯುವಂತಿರಲಿಲ್ಲ. ಮೂವರೂ ಮೂರು ಹೊತ್ತೂ ಮೊಸರನ್ನ, ಬೇಯಿಸಿದ ಬೇಳೆ. ಹಿಂದುಗಡೆ ಹೊಸ ಅಡುಗೆಕೋಣೆ ಬಣ್ಣವಿಲ್ಲದೆ, ನೆಲಕ್ಕೆ ಟೈಲ್ಸಿಲ್ಲದೆ ಖಾಲಿ ನಿಂತಿತ್ತು. ಅನುಶ್ರೀ ಕೇಳಿದ್ದ ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ಬಂದು, ಯಾರೂ ಇಲ್ಲದ ಕೋಣೆಯ ನೆಲದ ಮೇಲೆ ಸ್ವಲ್ಪ ಹೊತ್ತು ಇದ್ದು ಹೋಗುತ್ತಿತ್ತು.

ಗುಳ್ಳೆ ಮುಖಕ್ಕೆ, ತಲೆಗೆ, ಕಣ್ಣಿನ ರೆಪ್ಪೆಗೂ ಹಬ್ಬಿದವು. ಕೆರೆದುಕೊಳ್ಳದಂತೆ ದೇವರಾಜ ಬೇವಿನ ಎಳೆ ಸೊಪ್ಪಿನಿಂದ ಮಗನ ಬೆನ್ನನ್ನು ಮೆಲ್ಲಗೆ ನೇವರಿಸುತ್ತ ಕೂರುತ್ತಿದ್ದ. ಕೈ ನಿಂತರೆ ಮಗು ಎಚ್ಚರವಾಗುತ್ತಿತ್ತು. ತನಗೆ ಗೊತ್ತಿದ್ದ ಕತೆಯೆಲ್ಲ ಎರಡೇ ದಿನಕ್ಕೆ ಮುಗಿದವು. ಆಮೇಲೆ ಅಂಗಡಿಗೆ ಬರುವವರ ವಿಷಯ ಹೇಳತೊಡಗಿದ: ಒಬ್ಬ ತಾತ ತನ್ನ ಫೋಟೋ ತಾನೇ ಗುರುತು ಹಿಡಿಯದೆ ಬೇರೆಯವರದು ಕೊಟ್ಟಿದ್ದೀರಿ ಎಂದು ಜಗಳಕ್ಕೆ ನಿಂತದ್ದು, ಒಬ್ಬಳು ಅಜ್ಜಿ ಆಧಾರ್ ಕಾರ್ಡನ್ನು ಎಲೆಯಡಿಕೆ ಚೀಲದಿಂದ ತೆಗೆದದ್ದು. ನಿಸರ್ಗ ನಗುತ್ತಿದ್ದಳು. ನಕ್ಕು, ಅಪ್ಪ ನೀನೂ ಮಲಗು, ನಾನು ಸೊಪ್ಪಾಡಿಸ್ತೀನಿ ಎನ್ನುತ್ತಿದ್ದಳು. ಏಳು ವರ್ಷದ ಕೈ ಐದು ನಿಮಿಷಕ್ಕೆ ಸೋಲುತ್ತಿತ್ತು. ಇಷ್ಟು ದಿನದಲ್ಲಿ ದೊಡ್ಡವರೊಬ್ಬರ ಜೊತೆ ಎದುರುಬದುರು ನಿಂತು ಒಂದು ಮಾತಾಡಿಲ್ಲ ಎಂಬುದು ಅವನಿಗೆ ಆರನೆಯ ದಿನ ಹೊಳೆಯಿತು. ಅಂಗಡಿ ಕೆಲಸಕ್ಕೆ ಯಾರದೋ ಫೋನ್ ಬಂದಾಗ ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು.

ತುರಿಕೆ ಜೋರಾಗಿದ್ದ ಆ ದಿನವೇ ಚಿರಂತ್ ಚಾಪೆಯ ಮೇಲೆ ಹೊರಳಾಡಿ ಅತ್ತ.

"ಅಮ್ಮ ಬ್ಯಾಡ ಅಪ್ಪ. ಅಮ್ಮನ್ನ ಕಳ್ಸು. ಓಗು ಅನ್ನು."

ಓಯ್ತಾಳೆ ಮಗ, ಓಯ್ತಾಳೆ ಎಂದು ದೇವರಾಜ ಸಮಾಧಾನ ಮಾಡಿದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ತುಂಬಿತು. ಮಕ್ಕಳಿಗೆ ಕಾಣದಂತೆ ಎದ್ದು, ಹೊಸ ಅಡುಗೆಕೋಣೆಗೆ ಹೋಗಿ, ತಣ್ಣಗಿದ್ದ ಗ್ರಾನೈಟಿನ ಮೇಲೆ ಎರಡೂ ಕೈ ಊರಿ ನಿಂತ.

ಒಂಬತ್ತನೆಯ ದಿನ ಗುಳ್ಳೆ ಒಣಗಿದ್ದವು. ಬೆಳಗ್ಗೆ ಹತ್ತರ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು. ಹೊರಗೆ ಇಣುಕಿದ ನಿಸರ್ಗ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಅಮ್ಮ ಬಂದ್ಲು! ಚಿರು, ಅಮ್ಮ ಬಂದ್ಲು ಕಣೋ!"

ಚಾಪೆಯ ಮೇಲೆ ಕೂತು ಕಾರು ಓಡಿಸುತ್ತಿದ್ದ ಮಗು ಬೆಚ್ಚಿಬಿದ್ದು ಎದ್ದಿತು. ಬ್ಯಾಡ, ಅಮ್ಮ ಬ್ಯಾಡ ಎಂದು ಕಿರುಚಿಕೊಂಡು ಕೋಣೆಗೆ ಓಡಿ ಮಂಚದ ಕೆಳಗೆ ತೂರಿಕೊಂಡಿತು. ಅನುಶ್ರೀ ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಆಟದ ಸಾಮಾನಿನ ಕವರು ಹಿಡಿದು ಹೊಸಿಲ ಮೇಲೆ ನಿಂತಿದ್ದಳು. ಎರಡು ಬಸ್ಸು, ಒಂದು ರೈಲು ಬದಲಾಯಿಸಿ ಬಂದ ಮುಖ. ಅವಳ ಸೊಂಟ ತಬ್ಬಿಕೊಂಡ ನಿಸರ್ಗಳ ತಲೆಯ ಮೇಲೆ ಕೈ ಇಟ್ಟಳು, ಆದರೆ ಕಣ್ಣು ಕೋಣೆಯ ಬಾಗಿಲಲ್ಲೇ ಇತ್ತು.

ದೇವರಾಜ ಗಡಿಬಿಡಿಯಿಂದ ವಿವರಿಸಿದ. ಅದು ನಿನಗೆ ಹೇಳಿದ್ದಲ್ಲ, ಮೈಮೇಲಿದ್ದ ಅಮ್ಮನಿಗೆ ಹೇಳ್ತಾವ್ನೆ, ತುರಿಕೆ ತಡೆಯಕ್ಕಾಗದೆ ಹಾಗೆ ಅಭ್ಯಾಸ ಆಗಿದೆ ಎಂದ. ಅವಳು ಎಲ್ಲ ಕೇಳಿಸಿಕೊಂಡಳು. ಗೊತ್ತಾಯ್ತು ಎಂದಳು. ಬ್ಯಾಗು ಇಳಿಸಿ, ಕೈಕಾಲು ತೊಳೆದು ಬಂದು, ಮಂಚದ ಪಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಒಳಗಿದ್ದ ಮಗನ ಜೊತೆ ಮಾತಾಡತೊಡಗಿದಳು. ಮಂಚದ ಕೆಳಗೆ ಎಷ್ಟು ಕಾರು ನಿಲ್ಲಿಸಬಹುದು, ಪೆಟ್ರೋಲು ಬಂಕು ಎಲ್ಲಿದೆ ಎಂದು ಕೇಳಿದಳು. ಅವನು ಹೊರಗೆ ಬರಲು ಒಂದು ಗಂಟೆಯ ಮೇಲಾಯಿತು. ಬಂದವನು ಮೊದಲು ಅಪ್ಪನ ತೊಡೆಯ ಮೇಲೆ ಕೂತು, ಅಲ್ಲಿಂದಲೇ ಅವಳನ್ನು ನೋಡಿದ.

ಮಾರನೆಯ ದಿನ ಬೇವು ಅರಿಶಿನ ಹಾಕಿ ಕಾಯಿಸಿದ ನೀರನ್ನು ಅವಳೇ ಮಗನ ತಲೆಗೆ ಹಾಕಿದಳು. ಸಂಜೆ ಮಾರಮ್ಮನ ಗುಡಿಗೆ ಮೊಸರನ್ನದ ಎಡೆ ಕೊಟ್ಟು ಬಂದರು. ಅಷ್ಟು ಹೊತ್ತಿಗೆ ಅವನು ಅವಳ ಬೆರಳು ಹಿಡಿದಿದ್ದ. ನೀರು ಹಾಕಿದ್ದಾಯಿತೆಂದು ಹೇಳಿದ ಮೇಲೆ ಪರಮೇಶ್ ಮತ್ತು ಶಾಂತಿಯೂ ಮತ್ತೆ ಕೆಲಸಕ್ಕೆ ಬಂದರು.

ಅವಳು ಬಂದ ಮೂರನೆಯ ದಿನ ಬೆಳಗ್ಗೆ ದೇವರಾಜ ಗ್ಯಾಸನ್ನು ಹೊಸ ಕಟ್ಟೆಗೆ ಸಾಗಿಸಿದ. ಅನುಶ್ರೀ ಟೀ ಇಡಲು ಹೋದಳು. ಅವನು ಹಾಲಿನ ಪ್ಯಾಕೆಟ್ಟು ಹಿಡಿದು ಹಿಂದೆಯೇ ಬಂದವನು ಬಾಗಿಲಲ್ಲಿ ನಿಂತುಬಿಟ್ಟ. ಅನುಶ್ರೀ ಐದಡಿಗೂ ಕಡಿಮೆಯ ಹೆಣ್ಣು. ಕಟ್ಟೆ ಅವಳ ಎದೆಯ ಹತ್ತಿರಕ್ಕೆ ಬರುತ್ತಿತ್ತು. ಒಲೆಯ ಮೇಲಿನ ಪಾತ್ರೆಯ ಒಳಗೆ ಏನಾಗುತ್ತಿದೆ ಎಂದು ನೋಡಲು ಅವಳು ತುದಿಗಾಲಲ್ಲಿ ನಿಂತಳು. ಆಮೇಲೆ ಸುತ್ತ ನೋಡಿ, ಮೂಲೆಯಲ್ಲಿ ಬಿದ್ದಿದ್ದ ಎರಡು ಇಟ್ಟಿಗೆಯನ್ನು ಕಾಲಿನಿಂದ ಸರಿಸಿಕೊಂಡು, ಅವುಗಳ ಮೇಲೆ ಹತ್ತಿ, ಟೀ ಪುಡಿ ಹಾಕಿದಳು. ಕಿಟಕಿಯ ಬಳಿ ಗಾರೆ ಸವರುತ್ತಿದ್ದ ಪರಮೇಶನ ಕೈ ನಿಂತಿತು. ಶಾಂತಿ ಬಾಂಡಲಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಗಂಡನನ್ನೂ ಕಣ್ಣಿನಲ್ಲೇ ಕರೆದುಕೊಂಡು ಹೋದಳು.

"ನಾನು ನಿನ್ನೆತ್ತರ ನೋಡ್ಲೇ ಇಲ್ಲ ಅನು," ಎಂದ ದೇವರಾಜ. "ಅಡ್ಗೆ ಮಾಡೋರು ಯಾರು ಅಂದ, ಹೋಗಿ ನಿಂತ್ಕೊಂಡೆ."

"ಸರಿಯಾಗೇ ಇದೆಯಲ್ರಿ. ದಿನಾ ಮಾಡೋರು ನೀವೇ ತಾನೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಳೆಯೇ ಕಲ್ಲು ತೆಗೆಸಿ ತಗ್ಗಿಸುತ್ತೀನಿ ಎಂದ. ಅವಳು ಬೇಡವೆಂದಳು. ನಾನು ವರ್ಷಕ್ಕೆ ಇರೋದು ಇಪ್ಪತ್ತು ದಿನ, ಅಷ್ಟಕ್ಕೆ ನೀವು ದಿನಾ ಸೊಂಟ ಬಗ್ಗಿಸೋದು ಯಾವ ನ್ಯಾಯ ಎಂದಳು. ಟೀ ಸೋಸಿ, ಮೊದಲ ಲೋಟವನ್ನು ಹಿತ್ತಲಲ್ಲಿದ್ದ ಶಾಂತಿಗೆ ಕೊಟ್ಟು ಬಂದಳು.

ಅವತ್ತು ಮಧ್ಯಾಹ್ನ ಮಕ್ಕಳು ಊಟ ಮಾಡಿ ನಿದ್ದೆ ಹೋಗಿದ್ದರು. ಅನುಶ್ರೀ ಗ್ರಾನೈಟಿಗೆ ಅಂಟಿದ್ದ ಸಿಮೆಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ದೇವರಾಜ ಕಿಟಕಿಯ ಕೆಳಗೆ ಮೂಟೆಯ ಮೇಲೆ ಕೂತಿದ್ದ. ಉಜ್ಜುತ್ತಲೇ, ತಿರುಗಿ ನೋಡದೆ ಅವಳು ಕೇಳಿದಳು.

"ರೀ, ನಾನು ಕೆಲ್ಸ ಬಿಟ್ಬಿಡ್ಲಾ?"

ಎರಡು ವರ್ಷದಿಂದ ಅವನು ಈ ಮಾತಿಗಾಗಿ ಕಾದಿದ್ದ. ಬಿಟ್ಟು ಬಾ ಎಂದು ತಾನಾಗಿ ಹೇಳಬಾರದು, ಅವಳಾಗಿ ಕೇಳಿದರೆ ಮಾತ್ರ ಹೂಂ ಅನ್ನಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಹೂಂ ಎನ್ನುವುದು ಎಷ್ಟು ಸುಲಭವಿತ್ತು! ನಾಳೆಯಿಂದ ಜಡೆ ಹೆಣೆಯುವುದು, ಶಟರ್ ಎಳೆದು ಓಡುವುದು, ಒಬ್ಬನೇ ಕೂತು ಸೊಪ್ಪಾಡಿಸುವುದು ಯಾವುದೂ ಇರುವುದಿಲ್ಲ. ಆದರೆ ಬಟ್ಟೆ ಹಿಡಿದಿದ್ದ ಅವಳ ಕೈ ನೋಡಿದಾಗ ಅವನಿಗೆ ಹಳೆಯ ಅಡುಗೆಕೋಣೆ ಕಣ್ಣಿಗೆ ಬಂತು. ಒಲೆಯ ಮೇಲಿನ ಕಪ್ಪು ಗೋಡೆಗೆ ಅವಳು ಔಷಧಿಗಳ ಹೆಸರು ಬರೆದ ಚೀಟಿ ಅಂಟಿಸಿಕೊಂಡಿದ್ದಳು. ಮುದ್ದೆ ತಿರುವುತ್ತ ಬಾಯಿಪಾಠ ಮಾಡುತ್ತಿದ್ದಳು. ನಿಸರ್ಗ ಹೊಟ್ಟೆಯಲ್ಲಿದ್ದಾಗಲೂ, ಚಿರಂತ್ ಮೊಲೆ ಕುಡಿಯುತ್ತಿದ್ದಾಗಲೂ.

"ಬಿಡ್ಬ್ಯಾಡ," ಎಂದ.

"ನಿಮ್ಗೆ ಕಷ್ಟ ಆಗಲ್ವಾ?"

"ಆಯ್ತದೆ. ಬೋ ಕಷ್ಟ ಆಯ್ತದೆ ಕಣೆ. ಆದ್ರೂ ಬಿಡ್ಬ್ಯಾಡ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬಿಟ್ಟು, ಕಟ್ಟೆಯ ಮೇಲೆ ತೋಳಿಟ್ಟು, ತೋಳಿನ ಮೇಲೆ ಮುಖ ಇಟ್ಟುಕೊಂಡಳು. ಅಷ್ಟು ಎತ್ತರದ ಕಟ್ಟೆಗೆ ಅವಳು ಹೆಚ್ಚು ಬಗ್ಗಬೇಕಾಗಲಿಲ್ಲ. ದೇವರಾಜ ಎದ್ದು ಹೋಗಿ ಬೆನ್ನ ಮೇಲೆ ಕೈ ಇಟ್ಟ. ಬಿಕ್ಕಳಿಕೆ ನಿಲ್ಲುತ್ತ ಬಂದಂತೆ ಅವಳ ಮೈಯ ಬಿಗಿ ಸಡಿಲವಾದದ್ದು ಅವನ ಅಂಗೈಗೆ ತಿಳಿಯಿತು. ಬಿಡು ಎನ್ನುತ್ತಾನೇನೋ ಎಂಬ ಭಯ ಅವಳಿಗಿತ್ತು, ಈಗ ಇಳಿಯಿತು. ಅವಳಿಗೆ ಆ ಕೆಲಸ ಬೇಕಿತ್ತು. ಬೇಕೇ ಬೇಕಿತ್ತು. ಅದು ಗೊತ್ತಿದ್ದೇ ಅವನು ಹೇಳಿದ್ದ. ಆದರೂ ಅದನ್ನು ಕೈಯಾರೆ ಮುಟ್ಟಿ ತಿಳಿದುಕೊಂಡಾಗ, ಹೆಂಡತಿ ಪಕ್ಕದಲ್ಲೇ ನಿಂತಿದ್ದ ಆ ಗಳಿಗೆಯಲ್ಲಿ, ಆ ಒಂಬತ್ತು ದಿನಕ್ಕಿಂತಲೂ ಹೆಚ್ಚು ಒಂಟಿಯಾಗಿದ್ದೇನೆ ಅನ್ನಿಸಿತು ಅವನಿಗೆ.

ನಾಲ್ಕನೆಯ ದಿನ ಹಾಸನದ ಬಸ್ಸಿಗೆ ಅವಳನ್ನು ಹತ್ತಿಸಿದರು. ಹೊರಡುವ ಮೊದಲು ಹೊಸ ಕಟ್ಟೆಯ ಮೇಲಿನ ಒಲೆಯಲ್ಲಿ ಹಾಲು ಉಕ್ಕಿಸಿ, ಮಕ್ಕಳಿಗೂ ಪರಮೇಶ್ ದಂಪತಿಗೂ ಬಸವಲಿಂಗಮ್ಮನಿಗೂ ಕೊಟ್ಟಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ನಿಸರ್ಗ ಅತ್ತಳು. ಚಿರಂತ್ ಅಳಲಿಲ್ಲ. ಕಿಟಕಿಯಿಂದ ಚಾಚಿದ ಅಮ್ಮನ ಬೆರಳನ್ನು ಹಿಡಿದುಕೊಂಡು, ಬಸ್ಸು ಸರಿದಾಗ ಬಿಟ್ಟ. ಮನೆಗೆ ಬರುವ ದಾರಿಯಲ್ಲಿ, ಮತ್ತೆ ಯಾವಾಗ ಬತ್ತಾಳೆ ಎಂದು ಕೇಳಿದ. ಸ್ಕೂಲು ರಜೆ ಬಿಟ್ಟ ಮೇಲೆ ನಾವೇ ಹೋಗೋಣ ಎಂದು ದೇವರಾಜ ಹೇಳಿದ. ಹೇಳುವ ತನಕ ಅದು ಅವನ ಯೋಚನೆಯಲ್ಲೇ ಇರಲಿಲ್ಲ. ಆದರೆ ಹೇಳಿದ ಮೇಲೆ, ಹೋಗಬಹುದಲ್ಲ ಅನ್ನಿಸಿತು.

ಇನ್ನೂ ಎರಡು ವಾರಕ್ಕೆ ನೆಲ ಮುಗಿಯಿತು, ಗೋಡೆಗೆ ತಿಳಿ ಹಳದಿ ಬಣ್ಣವಾಯಿತು. ಒಂದು ಶುಕ್ರವಾರ ಸಂಜೆ ಪರಮೇಶ್ ಕರಣೆ, ಮಟ್ಟಗೋಲು, ಬಾಂಡಲಿ ಎಲ್ಲ ತೊಳೆದು ಗೋಣಿಯಲ್ಲಿ ಕಟ್ಟಿದ. ಶಾಂತಿ ಹೋಗುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಅಕ್ಕಾರು ಬಂದಾಗ ಯೋಳಿ ಸಾ, ಒಂದ್ ಮರದ ಮಣೆ ಮಾಡುಸ್ಕೊಡ್ತೀವಿ, ಇಟ್ಟಿಗೆ ಮ್ಯಾಲೆ ನಿಲ್ಲಾದ್ ಬ್ಯಾಡ ಎಂದಳು. ಟಿವಿಎಸ್ಸು ಹೊರಟುಹೋಯಿತು. ಮೂರು ತಿಂಗಳು ಬಡಿತ, ಉಜ್ಜಾಟ, ಮರಳಿನ ಸದ್ದು ತುಂಬಿದ್ದ ಹಿತ್ತಲು ಸುಮ್ಮನಾಯಿತು.

ದೇವರಾಜ ಹುರುಳಿಕಾಳು ಬೇಯಿಸಿ, ಬಸಿದ ನೀರಿನಲ್ಲಿ ಬಸ್ಸಾರಿಗೆ ಇಟ್ಟ. ಅವನ ಎತ್ತರಕ್ಕೆ ಹೇಳಿ ಮಾಡಿಸಿದ ಕಟ್ಟೆ; ಬಗ್ಗುವಂತಿಲ್ಲ, ಕೈ ಎತ್ತುವಂತಿಲ್ಲ. ಮಕ್ಕಳು ನಡುಮನೆಯಲ್ಲಿ ಬಣ್ಣದ ಪೆನ್ಸಿಲಿಗೆ ಕಿತ್ತಾಡುತ್ತಿದ್ದರು. ಅನುಶ್ರೀಗೆ ಫೋನ್ ಮಾಡುವ ಹೊತ್ತಾಗಿತ್ತು. ಫೋನು ಕೈಗೆತ್ತಿಕೊಂಡವನಿಗೆ, ಏನು ಹೇಳುವುದು ಎಂದು ಹೊಳೆಯಲಿಲ್ಲ. ಮೂರು ತಿಂಗಳು ಅವರಿಬ್ಬರ ನಡುವೆ ನಡೆದಿದ್ದೆಲ್ಲ ಕಿಟಕಿಯ ಮಾತು, ನೆಲದ ಮಾತು, ಗುಳ್ಳೆಯ ಮಾತು. ಈಗ ಎಲ್ಲ ಮುಗಿದಿತ್ತು. ಆದರೂ ಮಾಡಿದ.

"ಹೇಳಿ. ಕೆಲ್ಸ ಎಲ್ಲಿಗೆ ಬಂತು?" ಎಂದಳು ಅವಳು.

"ಮುಗೀತು. ಅವ್ರೂ ಹೋದ್ರು."

"ಮತ್ತೆ?"

"ಏನಿಲ್ಲ. ಸುಮ್ನೆ ಮಾಡ್ದೆ."

ಹಾಗಾದ್ರೆ ಇಡ್ಲಾ ಎನ್ನುತ್ತಾಳೆ ಎಂದು ಅವನು ಕಾದ. ಅವಳು ಹಾಗೆ ಅನ್ನಲಿಲ್ಲ. ಒಲೆ ಮೇಲೆ ಏನು ಕುದೀತಿದೆ ಎಂದು ಕೇಳಿದಳು. ಹುರುಳಿಕಾಳಿನ ಬಸ್ಸಾರು ಎಂದ. ಇಲ್ಲಿ ಯಾರಿಗೂ ಬಸ್ಸಾರು ಅಂದ್ರೆ ಗೊತ್ತಿಲ್ಲ ಕಣ್ರೀ, ರೂಮಿನಲ್ಲಿ ಒಬ್ಬಳಿಗೇ ಅಂತ ಮಾಡಿಕೊಳ್ಳೋಕೂ ಮನಸ್ಸು ಬರಲ್ಲ, ಎಷ್ಟೋ ದಿನ ಬ್ರೆಡ್ಡು ತಿಂದು ಮಲಗ್ತೀನಿ ಎಂದಳು. ಎರಡು ವರ್ಷದಲ್ಲಿ ಅವಳು ಇದನ್ನು ಹೇಳಿದ್ದು ಇದೇ ಮೊದಲು. ಅವನು ಕೇಳಿದ್ದೂ ಇರಲಿಲ್ಲ.

ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ದೇವರಾಜ. ಖಾರ ಹಾಕಿದ, ಕೈಯಾಡಿಸಿದ, ಮುದ್ದೆಗೆ ಎಸರಿಟ್ಟ. ಫೋನಿನ ತೆರೆಯಲ್ಲಿ ಅವಳು ಬಟ್ಟೆ ಮಡಿಸುತ್ತಿದ್ದಳು. ನಡುನಡುವೆ ಒಂದೊಂದು ಮಾತು. ಹೆಚ್ಚು ಹೊತ್ತು ಮಾತೇ ಇಲ್ಲ. ನಡುಮನೆಯಲ್ಲಿ ನಿಸರ್ಗ ತಮ್ಮನಿಗೆ ಏನೋ ಜೋರು ಮಾಡಿದಳು, ಅವನು ತಿರುಗಿ ಕೂಗಿದ. ಯಾಕಂತೆ ಜಗಳ ಎಂದು ಅವಳು ಕೇಳಿದಳು. ಹಸಿರು ಪೆನ್ಸಿಲು ಎಂದ ಅವನು. ಹಿಟ್ಟು ಹಾಕಿ, ಕೋಲು ಹಿಡಿದು, ಎರಡೂ ಕೈಯಲ್ಲಿ ಮುದ್ದೆ ತಿರುವತೊಡಗಿದ.